ಕೈಗೂ ಯಂತ್ರಕ್ಕೂ ನಡುವೆ ಒಂದು ತಡೆ

ಮದುವೆಯ ಚಪ್ಪರದಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವಾಗ ನಮ್ಮ ಕಣ್ಣು ಜನರ ಮುಖದ ಮೇಲಿರುತ್ತದೆಯೇ ಹೊರತು ಅವರ ಕೈಗಳ ಮೇಲೆ ಇರುವುದಿಲ್ಲ. ‘ಶರಣು’ ಎಂದು ಜೋಡಿಸಿದ ಆ ಕೈಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಹಳ್ಳಿಗಳಿಂದ ಬಂದ ಹಿರಿಯರ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕೈಯಲ್ಲಿ ಐದು ಬೆರಳುಗಳಿರುವುದಿಲ್ಲ. ವಿಚಾರಿಸಿದರೆ ‘ಗಾಣಕ್ಕೆ ಹೋಯಿತು’, ‘ರಾಶಿ ಮಿಷನ್ನಿಗೆ ಸಿಕ್ಕಿತು’, ‘ಗಿರಣಿಯ ಬೆಲ್ಟು ಎಳೆದುಕೊಂಡಿತು’ ಎಂಬ ಉತ್ತರ ಬರುತ್ತದೆ. ಹೇಳುವವರ ದನಿಯಲ್ಲಿ ದುಃಖವೂ ಇರುವುದಿಲ್ಲ, ಸಿಟ್ಟೂ ಇರುವುದಿಲ್ಲ. ಯಾವುದೋ ಹಳೆಯ ಸಾಲವನ್ನು ತೀರಿಸಿದವರಂತೆ ಹೇಳಿ ಮುಂದಕ್ಕೆ ಹೋಗುತ್ತಾರೆ.

ನಮ್ಮ ಬಳಗದಲ್ಲಿಯೇ ಅಂಥ ಒಬ್ಬ ಹಿರಿಯರಿದ್ದಾರೆ. ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ನಸುಕಿನ ಮೂರು ಗಂಟೆಯ ಹೊತ್ತಿನಲ್ಲಿ ಅವರ ಬಲಗೈಯ ಮೂರು ಬೆರಳುಗಳು ಉರುಳೆಗಳ ನಡುವೆ ಹೋದವು. ‘ಮೈಮರೆತಿದ್ದಿರಾ?’ ಎಂದು ಕೇಳಿದವರಿಗೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ: ‘ಇಪ್ಪತ್ತು ವರ್ಷ ಕಬ್ಬು ಕೊಟ್ಟ ಕೈ ಅದು. ಅದಕ್ಕೆ ಮರೆವಿರಲಿಲ್ಲ.’ ಮನೆಯವರೆಲ್ಲ ಹಣೆಬರಹವೆಂದು ನಿಟ್ಟುಸಿರಿಟ್ಟರು. ಆದರೆ ಮುಂದಿನ ಹಂಗಾಮಿನಲ್ಲಿ ಅದೇ ಹಿರಿಯರು ಊರಿನ ಬಡಗಿಯನ್ನು ಕರೆಸಿ, ಗಾಣದ ಬಾಯಿಗೆ ಎರಡು ಮೊಳ ಉದ್ದದ ಹಲಗೆಯ ದೋಣಿಯನ್ನು ಮಾಡಿಸಿ, ಅದರ ಒಳತುದಿಗೆ ಮುಚ್ಚಳವನ್ನೂ ಹಾಕಿಸಿದರು. ಆ ಬಳಿಕ ಆ ಗಾಣ ಯಾರ ಬೆರಳನ್ನೂ ತಿಂದಿಲ್ಲ. ಹಣೆಬರಹವೇ ಆಗಿದ್ದರೆ ಎರಡು ಮೊಳದ ಹಲಗೆ ಅದನ್ನು ತಡೆದೀತೆ?

ಈ ಲೇಖನದಲ್ಲಿ ನಾವು ಹೇಳಬಯಸುವುದು ಇಷ್ಟೇ. ಯಂತ್ರದ ಅಪಘಾತವು ಹಣೆಯ ಮೇಲೆ ಬರೆದದ್ದಲ್ಲ. ಯಂತ್ರದ ತೆರೆದ ಬಾಯಿಯಲ್ಲಿ ಬರೆದದ್ದು. ಆ ಬಾಯಿಯನ್ನು ಮುಚ್ಚುವ ಕೆಲಸ ಯಜಮಾನನದು.

ಮನೆಯಂಗಳಕ್ಕೆ ಬಂದ ಯಂತ್ರಗಳು

ಕಾರ್ಖಾನೆಯೆಂದರೆ ಎತ್ತರದ ಹೊಗೆಕೊಳವೆ, ಸೈರನ್ನು, ಸಾವಿರಾರು ಕೂಲಿಗಾರರು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಆದರೆ ಯಂತ್ರಗಳು ಕಾರ್ಖಾನೆಯ ಗೋಡೆಯನ್ನು ದಾಟಿ ನಮ್ಮ ಅಂಗಳಕ್ಕೆ ಬಂದು ಎಷ್ಟೋ ಕಾಲವಾಯಿತು. ಊರಿಗೊಂದು ಹಿಟ್ಟಿನ ಗಿರಣಿ ಇದೆ. ಹೊಲದಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿದ ರಾಶಿ ಯಂತ್ರ ಬಂದಿದೆ. ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರ ನಿಂತಿದೆ. ಮುಧೋಳ, ಮಹಾಲಿಂಗಪುರ, ಮಂಡ್ಯದ ಸೀಮೆಗಳಲ್ಲಿ ಆಲೆಮನೆಯ ಗಾಣಗಳಿವೆ. ರಬಕವಿ, ಬನಹಟ್ಟಿ, ಬೆಟಗೇರಿ, ದೊಡ್ಡಬಳ್ಳಾಪುರಗಳಲ್ಲಿ ಮನೆಯ ಪಡಸಾಲೆಯಲ್ಲಿಯೇ ವಿದ್ಯುತ್ ಮಗ್ಗಗಳು ಸದ್ದು ಮಾಡುತ್ತವೆ. ಗಂಗಾವತಿಯಲ್ಲಿ ಅಕ್ಕಿಯ ಗಿರಣಿಗಳು, ಕಲಬುರಗಿಯಲ್ಲಿ ಬೇಳೆಯ ಗಿರಣಿಗಳು, ಬೆಳಗಾವಿಯಲ್ಲಿ ಎರಕದ ಮನೆಗಳು, ಬೆಂಗಳೂರಿನ ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ಸುಗಳು. ಇವುಗಳಲ್ಲಿ ಅನೇಕ ಘಟಕಗಳು ನಾಲ್ಕಾರು ಜನರಿಂದ ನಡೆಯುವಂಥವು. ಯಜಮಾನನೂ ಅವನ ಮಕ್ಕಳೂ ಕೂಲಿಯವರ ಜೊತೆಗೆ ನಿಂತು ದುಡಿಯುವಂಥವು.

ಎಂದ ಮೇಲೆ ಇದು ಸರಕಾರದ ಅಧಿಕಾರಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ನಮ್ಮ ಮನೆಗಳ ವಿಷಯ. ಗಿರಣಿಯ ಮುಂದೆ ಜೋಳದ ಬುಟ್ಟಿಯನ್ನಿಟ್ಟುಕೊಂಡು ನಿಲ್ಲುವವರು ನಮ್ಮ ತಾಯಂದಿರು. ಮೇವಿನ ಯಂತ್ರದ ಚಕ್ರವನ್ನು ಆಟಕ್ಕೆಂದು ತಿರುಗಿಸುವವರು ನಮ್ಮ ಮಕ್ಕಳು.

ಎಚ್ಚರಿಕೆ ಏಕೆ ಸಾಲದು?

‘ಎಚ್ಚರಿಕೆಯಿಂದ ಕೆಲಸ ಮಾಡು’ ಎಂದು ಹೇಳಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ತಿಳಿಯುತ್ತೇವೆ. ಇದು ಎಷ್ಟು ದುರ್ಬಲವಾದ ಮಾತೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಗಿರಣಿಗಳಲ್ಲಿ ಸಾಮಾನ್ಯವಾಗಿ ಬಳಸುವ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅದರ ಗಾಲಿ ನಾಲ್ಕು ಇಂಚು, ಅಂದರೆ ಸುಮಾರು 10 ಸೆಂಟಿಮೀಟರ್ ಅಗಲವಿದೆ ಎಂದುಕೊಳ್ಳೋಣ. ಆಗ ಅದರ ಮೇಲಿನ ಬೆಲ್ಟು ಸೆಕೆಂಡಿಗೆ ಏಳೂವರೆ ಮೀಟರ್ ವೇಗದಲ್ಲಿ ಓಡುತ್ತದೆ. ಕಣ್ಣಿಗೆ ಕಂಡದ್ದನ್ನು ಬುದ್ಧಿ ಗ್ರಹಿಸಿ ಕೈಯನ್ನು ಹಿಂದಕ್ಕೆ ಸೆಳೆಯಲು ಚುರುಕಾದ ಮನುಷ್ಯನಿಗೂ ಒಂದು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಬೆಲ್ಟು ಒಂದೂವರೆ ಮೀಟರ್, ಅಂದರೆ ಮೂರು ಮೊಳಕ್ಕೂ ಮಿಕ್ಕು ಓಡಿರುತ್ತದೆ. ಸೀರೆಯ ಸೆರಗು ಸಿಕ್ಕಿತು ಎಂದು ತಿಳಿಯುವಷ್ಟರಲ್ಲಿ ಸೆರಗು ಮುಗಿದು ತೋಳು ಬಂದಿರುತ್ತದೆ.

ಟ್ರ್ಯಾಕ್ಟರಿನ ಹಿಂಬದಿಯಿಂದ ರಾಶಿ ಯಂತ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡವನ್ನು ನೋಡಿರಿ. ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ದಂಡ ನಾಲ್ಕೇ ಸೆಂಟಿಮೀಟರ್ ದಪ್ಪವಿದ್ದರೂ ಒಂದು ಸೆಕೆಂಡಿನಲ್ಲಿ ಒಂದು ಮೀಟರಿಗೂ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ನುಣ್ಣಗಿರುವ ದಂಡ ಏನು ಮಾಡೀತು ಎಂದು ಅದನ್ನು ದಾಟಿ ಹೋಗುವವರು, ಅದರ ಪಕ್ಕದಲ್ಲಿ ಧೋತರದ ಚುಂಗು ಬಿಟ್ಟುಕೊಂಡು ನಿಲ್ಲುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಎಚ್ಚರಿಕೆಗೆ ನಿದ್ದೆ ಇದೆ, ಹಸಿವೆ ಇದೆ, ಮಗಳ ಮದುವೆಯ ಚಿಂತೆ ಇದೆ. ಯಂತ್ರಕ್ಕೆ ಇವು ಯಾವುವೂ ಇಲ್ಲ. ನಸುಕಿನ ಮೂರು ಗಂಟೆಗೂ ಅದು ಮಧ್ಯಾಹ್ನದ ವೇಗದಲ್ಲಿಯೇ ತಿರುಗುತ್ತದೆ. ಆದುದರಿಂದ ಎಚ್ಚರಿಕೆಯನ್ನು ಬಿಡಬಾರದು, ನಿಜ; ಆದರೆ ಎಚ್ಚರಿಕೆ ತಪ್ಪಿದ ಗಳಿಗೆಯಲ್ಲಿಯೂ ಕೈ ಉಳಿಯುವಂಥ ಏರ್ಪಾಡು ಬೇಕು. ಆ ಏರ್ಪಾಡಿನ ಹೆಸರೇ ತಡೆ.

ರಾಶಿ ಯಂತ್ರ ಕಲಿಸಿದ ಪಾಠ

ನಮ್ಮ ದೇಶ ಈ ಪಾಠವನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 1960ರ ದಶಕದ ಕೊನೆಯಲ್ಲಿ ಹಸಿರು ಕ್ರಾಂತಿ ಬಂದು ಪಂಜಾಬು, ಹರಿಯಾಣಗಳಲ್ಲಿ ಗೋಧಿಯ ಬೆಳೆ ಹೆಚ್ಚಿದಾಗ ಎತ್ತುಗಳನ್ನು ತುಳಿಸಿ ರಾಶಿ ಮಾಡಲು ಹೊತ್ತು ಸಾಲದಾಯಿತು. ಮಳೆ ಬರುವ ಮೊದಲು ಕಾಳನ್ನು ಮನೆಗೆ ಸೇರಿಸುವ ಅವಸರದಲ್ಲಿ ಊರೂರಿಗೆ ರಾಶಿ ಯಂತ್ರಗಳು ಬಂದವು. ಸಿವುಡನ್ನು ಕೈಯಿಂದ ಒಳಕ್ಕೆ ತಳ್ಳಬೇಕು. ಒಳಗೆ ತಿರುಗುವ ಉರುಳೆ ಅದನ್ನು ಸರ‍್ರನೆ ಎಳೆದುಕೊಳ್ಳುತ್ತದೆ. ಸಿವುಡಿನ ಜೊತೆಗೆ ಕೈಯೂ ಹೋಗುತ್ತದೆ. ಹೀಗೆ ನೂರಾರು ಜನ ಬೆರಳು, ಮುಂಗೈ, ತೋಳುಗಳನ್ನು ಕಳೆದುಕೊಂಡರು.

ಮೊದಮೊದಲು ಎಲ್ಲರೂ ಕೂಲಿಯವರನ್ನೇ ದೂಷಿಸಿದರು. ಕುಡಿದಿದ್ದ, ತೂಕಡಿಸುತ್ತಿದ್ದ, ಮಾತಾಡುತ್ತಿದ್ದ ಎಂದರು. ಆಮೇಲೆ ತಿಳಿದವರು ಕುಳಿತು ವಿಚಾರಿಸಿದಾಗ ಯಂತ್ರದ ಬಾಯಿಯ ರಚನೆಯಲ್ಲಿಯೇ ದೋಷವಿರುವುದು ಕಂಡುಬಂತು. ಬೆಳೆ ಹಾಕುವ ದೋಣಿ ತೀರ ಗಿಡ್ಡವಾಗಿತ್ತು. ಚಾಚಿದ ಕೈ ಸಲೀಸಾಗಿ ಉರುಳೆಯನ್ನು ಮುಟ್ಟುವಂತಿತ್ತು. ಆಗ ಭಾರತೀಯ ಮಾನಕ ಸಂಸ್ಥೆಯು ಐ.ಎಸ್. 9020 ಎಂಬ ಮಾನಕದಲ್ಲಿ ಒಂದು ಸರಳವಾದ ಅಳತೆಯನ್ನು ಗೊತ್ತುಮಾಡಿತು. ದೋಣಿಯ ಉದ್ದ ಕನಿಷ್ಠ 90 ಸೆಂಟಿಮೀಟರ್ ಇರಬೇಕು. ಅದರಲ್ಲಿ ಯಂತ್ರದ ಕಡೆಗಿನ 45 ಸೆಂಟಿಮೀಟರ್ ಭಾಗ ಮೇಲಿನಿಂದ ಮುಚ್ಚಿರಬೇಕು. ಬೆಳೆದ ಗಂಡಸಿನ ತೋಳಿನ ಉದ್ದ ಸುಮಾರು 70ರಿಂದ 75 ಸೆಂಟಿಮೀಟರ್. ದೋಣಿಯೇ ತೋಳಿಗಿಂತ ಉದ್ದವಾದರೆ ಕೈ ಉರುಳೆಯನ್ನು ಮುಟ್ಟುವುದಾದರೂ ಹೇಗೆ? ಕೂಲಿಯವನು ತೂಕಡಿಸಲಿ, ಎಡವಲಿ, ಅವನ ಬೆರಳು ಅವನ ಕೈಯಲ್ಲಿಯೇ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದಿಷ್ಟು ತಗಡು ಮತ್ತು ಅರ್ಧ ದಿನದ ಬೆಸುಗೆಯ ಕೆಲಸ. 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದೇ ಸಂಸತ್ತು ಒಂದು ಕಾಯಿದೆಯನ್ನು ಮಾಡಿತು. ಶಕ್ತಿಚಾಲಿತ ರಾಶಿ ಯಂತ್ರಗಳನ್ನು ಆ ಕಾಯಿದೆಯ ಅಡಿಯಲ್ಲಿ ತರಲಾಯಿತು.

ಮೇವು ಕತ್ತರಿಸುವ ಯಂತ್ರದ ಕತೆಯೂ ಇಂಥದೇ. ಅದರ ಅಲಗು ದೊಡ್ಡ ಚಕ್ರದ ಮೇಲಿದೆ. ಅದರ ಹಿಂದೆ ಮೇವನ್ನು ಎಳೆದುಕೊಳ್ಳುವ ಎರಡು ಉರುಳೆಗಳಿವೆ. ಕೆಲಸ ಮುಗಿದ ಮೇಲೆ ಯಂತ್ರವನ್ನು ಹಾಗೆಯೇ ಬಿಟ್ಟು ಹೋಗುತ್ತೇವೆ. ಮಕ್ಕಳು ಬಂದು ಒಬ್ಬ ಚಕ್ರ ತಿರುಗಿಸುತ್ತಾನೆ, ಇನ್ನೊಬ್ಬ ಉರುಳೆಯನ್ನು ಮುಟ್ಟುತ್ತಾನೆ. ದೆಹಲಿಯ ಐ.ಐ.ಟಿ.ಯ ಪ್ರಾಧ್ಯಾಪಕ ದಿನೇಶ್ ಮೋಹನ್ ಮತ್ತು ಅವರ ಸಂಗಡಿಗರು ಹಳ್ಳಿಗಳಲ್ಲಿ ಇಂಥ ಗಾಯಗಳನ್ನು ಅಭ್ಯಾಸ ಮಾಡಿ, ಅಗ್ಗವಾದ ಉಪಾಯಗಳನ್ನು ಸೂಚಿಸಿದರು. ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಒಂದು ಗೂಟ, ಅಲಗಿಗೆ ಒಂದು ಮರೆ, ಬೆರಳು ಎಳೆಯುವ ಉರುಳೆಗಳನ್ನು ಸಮೀಪಿಸುವ ಮುನ್ನವೇ ತಾಗಿ ಎಚ್ಚರಿಸುವ ಒಂದು ಹಗುರವಾದ ಉರುಳೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ.

ತಡೆಯನ್ನು ತೆಗೆದವರು ಯಾರು?

ಹೊಸ ಯಂತ್ರ ಬರುವಾಗ ಬೆಲ್ಟಿನ ಮೇಲೆ ಜಾಲರಿ, ಗಾಲಿಯ ಮೇಲೆ ಡಬ್ಬಿ ಇದ್ದೇ ಇರುತ್ತವೆ. ಆರು ತಿಂಗಳ ಬಳಿಕ ಹೋಗಿ ನೋಡಿದರೆ ಅವು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುತ್ತವೆ. ‘ಎಣ್ಣೆ ಹಾಕಲು ಅಡ್ಡಿಯಾಗುತ್ತಿತ್ತು’, ‘ಬೆಲ್ಟು ಜಾರಿದಾಗ ರಾಳ ಹಚ್ಚಲು ಬರುತ್ತಿರಲಿಲ್ಲ’ ಎಂಬ ಕಾರಣಗಳು ಸಿದ್ಧವಾಗಿರುತ್ತವೆ. ಓಡುವ ಬೆಲ್ಟಿಗೆ ಕೈಯಿಂದ ರಾಳ ಹಚ್ಚುವುದು ಅದೆಷ್ಟೋ ಗಿರಣಿಗಳಲ್ಲಿ ನಡೆದುಕೊಂಡು ಬಂದ ಪದ್ಧತಿ. ಬೆಲ್ಟು ಗಾಲಿಯೊಳಗೆ ನುಗ್ಗುವ ಸ್ಥಳವೇ ಎಲ್ಲಕ್ಕಿಂತ ಅಪಾಯದ ಸ್ಥಳ ಎಂಬುದನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. ಬೆಲ್ಟು ಜಾರುತ್ತಿದ್ದರೆ ಅದಕ್ಕೆ ಮದ್ದು ರಾಳವಲ್ಲ. ಯಂತ್ರವನ್ನು ನಿಲ್ಲಿಸಿ ಬೆಲ್ಟನ್ನು ಬಿಗಿ ಮಾಡುವುದು ಅಥವಾ ಬದಲಾಯಿಸುವುದು. ಎಣ್ಣೆ ಹಾಕಬೇಕೆಂದಿದ್ದರೆ ಜಾಲರಿಯ ಹೊರಗಿನಿಂದಲೇ ಹಾಕುವಂತೆ ಒಂದು ಸಣ್ಣ ಕೊಳವೆಯನ್ನು ಕೂಡಿಸಬಹುದು. ಜಾಲರಿಯ ಕಂಡಿಯಲ್ಲಿ ಮಗುವಿನ ಕಿರುಬೆರಳೂ ತೂರಬಾರದು. ಜಾಲರಿಯನ್ನು ತಿರುಗುವ ಭಾಗದಿಂದ ನಾಲ್ಕು ಬೆರಳು ದೂರದಲ್ಲಿ, ಬೋಲ್ಟಿನಿಂದ ಬಿಗಿಯಬೇಕು, ತಂತಿಯಿಂದ ಕಟ್ಟಬಾರದು. ತಂತಿಯಿಂದ ಕಟ್ಟಿದ್ದು ನಾಲ್ಕು ದಿನಕ್ಕೆ ಬಿಚ್ಚಿಹೋಗುತ್ತದೆ.

ತಗಡು ಒತ್ತುವ ಪ್ರೆಸ್ಸುಗಳಲ್ಲಿ ಎರಡು ಗುಂಡಿಗಳನ್ನು ಎರಡೂ ಕೈಗಳಿಂದ ಏಕಕಾಲಕ್ಕೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುವ ಏರ್ಪಾಡು ಇರುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದಾಗ ಅಚ್ಚಿನ ಕೆಳಗೆ ಇರಲು ಮೂರನೆಯ ಕೈ ಇಲ್ಲವಷ್ಟೆ. ಎಂಥ ಸರಳವಾದ ಜಾಣತನ! ಆದರೆ ಒಂದು ಗುಂಡಿಯನ್ನು ಕಡ್ಡಿ ಚುಚ್ಚಿಯೋ ತಂತಿ ಬಿಗಿದೋ ಸದಾ ಒತ್ತಿರುವಂತೆ ಮಾಡಿ, ಒಂದು ಕೈಯಿಂದ ತಗಡು ಇಡುತ್ತ ಇನ್ನೊಂದು ಕೈಯಿಂದ ಯಂತ್ರ ನಡೆಸುವ ಕೆಟ್ಟ ರೂಢಿಯೂ ಇದೆ. ಹೀಗೇಕೆ? ನಗಕ್ಕಿಷ್ಟು ಎಂದು ಕೂಲಿ ಕೊಟ್ಟಾಗ ಕೈ ಅವಸರಪಡುತ್ತದೆ. ಗುಂಡಿಗೆ ತಂತಿ ಬಿಗಿದವನು ಕೂಲಿಯವನೇ ಇರಬಹುದು. ಬಿಗಿಸಿದ್ದು ನಮ್ಮ ಅವಸರ. ಕಂಡೂ ಕಾಣದಂತೆ ಸುಮ್ಮನಿದ್ದ ಯಜಮಾನನು ‘ನಾನು ಹೇಳಿರಲಿಲ್ಲ’ ಎಂದು ಕೈ ತೊಳೆದುಕೊಳ್ಳಲಾಗದು.

ಕಾಯಕವೆಂಬ ಮಾತನ್ನು ನಾವು ಬಹಳ ಅಭಿಮಾನದಿಂದ ಆಡುತ್ತೇವೆ. ಆ ಮಾತಿನೊಳಗೆ ಕಾಯ ಎಂಬ ಮಾತೂ ಇದೆ. ದುಡಿಯುವವನ ಕಾಯವನ್ನು ಕಾಯದ ದುಡಿಮೆಗೆ ಆ ಹೆಸರು ಸಲ್ಲೀತೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಕರೆಂಟು ಬಂದೀತು!

ನಮ್ಮ ಹಳ್ಳಿಗಳಿಗೆ ವಿಶೇಷವಾದ ಇನ್ನೊಂದು ಅಪಾಯವಿದೆ. ಮೂರು ಫೇಸಿನ ವಿದ್ಯುತ್ತು ಯಾವ ಗಳಿಗೆಯಲ್ಲಿ ಹೋಗುತ್ತದೆ, ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದನ್ನು ಹೇಳಬಲ್ಲವರಿಲ್ಲ. ಗಾಣದಲ್ಲಿ ಕಬ್ಬು ಸಿಕ್ಕಿಕೊಂಡಿದೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ‘ಹೇಗೂ ನಿಂತಿದೆಯಲ್ಲ’ ಎಂದು ಕೈ ಹಾಕಿ ಬಿಡಿಸುತ್ತಿರುವಾಗ ಕರೆಂಟು ಮರಳಿ ಬಂದರೆ?

ಮೋಟಾರಿನ ಸ್ಟಾರ್ಟರಿನಲ್ಲಿ ಇದಕ್ಕಾಗಿಯೇ ಒಂದು ಸುರುಳಿ ಇರುತ್ತದೆ. ವಿದ್ಯುತ್ತು ಹೋದೊಡನೆ ಅದು ಸ್ಟಾರ್ಟರನ್ನು ಬಿಡಿಸಿಬಿಡುತ್ತದೆ. ವಿದ್ಯುತ್ತು ಮರಳಿ ಬಂದರೂ ಯಾರಾದರೂ ಹಸಿರು ಗುಂಡಿಯನ್ನು ಒತ್ತುವ ತನಕ ಮೋಟಾರು ತಿರುಗುವುದಿಲ್ಲ. ಆದರೆ ಬಾವಿಯ ಪಂಪಿಗೆ ಹಾಕಿದಂತೆ ಗಾಣಕ್ಕೂ ಮೇವಿನ ಯಂತ್ರಕ್ಕೂ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರನ್ನು ಹಾಕುವವರಿದ್ದಾರೆ. ನೀರೆತ್ತುವ ಪಂಪಿನಲ್ಲಿ ಯಾರೂ ಕೈ ಹಾಕುವುದಿಲ್ಲ, ಅಲ್ಲಿ ಅದು ಇರಬಹುದು. ಕೈ ಹಾಕಬೇಕಾಗುವ ಯಾವ ಯಂತ್ರಕ್ಕೂ ಅದು ಕೂಡದು. ಇಂದೇ ಹೋಗಿ ನೋಡಿ, ಇದ್ದರೆ ತೆಗೆಸಿರಿ.

ಎರಡನೆಯದಾಗಿ, ಯಂತ್ರಕ್ಕೆ ಕೈ ಹಾಕುವ ಮೊದಲು ಮೇನ್ ಸ್ವಿಚ್ಚನ್ನು ಕೆಳಗಿಳಿಸಿ, ಫ್ಯೂಸನ್ನು ಕಿತ್ತು, ಕೈ ಹಾಕುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬೀಗ ಹಾಕುವ ಅನುಕೂಲವಿದ್ದರೆ ಬೀಗ ಹಾಕಿ, ಕೀಲಿಯನ್ನು ತನ್ನಲ್ಲಿಟ್ಟುಕೊಳ್ಳಬೇಕು. ಇಬ್ಬರು ಕೈ ಹಾಕುವುದಿದ್ದರೆ ಎರಡು ಬೀಗ. ‘ನಾನು ಒಳಗಿದ್ದೇನೆ, ಚಾಲೂ ಮಾಡಬೇಡ’ ಎಂದು ಕೂಗಿ ಹೇಳಿದ ಮಾತು ಗಿರಣಿಯ ಸದ್ದಿನಲ್ಲಿ ಕೇಳಿಸದೆ ಹೋಗಬಹುದು; ಜೇಬಿನಲ್ಲಿರುವ ಫ್ಯೂಸು ಎಂದಿಗೂ ತಪ್ಪುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇಂದು ಕಡ್ಡಾಯವಾಗಿರುವ ಬೀಗದ ಪದ್ಧತಿಯ ತಿರುಳು ಇದೇ.

ಮೂರನೆಯದಾಗಿ, ಸ್ವಿಚ್ಚು ಆರಿಸಿದೊಡನೆ ಯಂತ್ರ ನಿಲ್ಲುವುದಿಲ್ಲ. ಭಾರವಾದ ಚಕ್ರವಿದ್ದಲ್ಲಿ ಅದು ತನ್ನ ವೇಗದಿಂದಲೇ ಕೆಲ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಲ್ಲುವ ತನಕ ಕೈಗಳು ಬೆನ್ನ ಹಿಂದಿರಲಿ.

ಉಡುಗೆಯ ವಿಚಾರ

ತಿರುಗುವ ಯಂತ್ರದ ಮುಂದೆ ಜೋಲಾಡುವ ಬಟ್ಟೆ ಬೇಡ. ತಾಯಂದಿರು ಸೆರಗನ್ನು ಸುತ್ತಿ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿ, ಜಡೆಯನ್ನು ತುರುಬು ಕಟ್ಟಿ, ತಲೆಗೆ ವಸ್ತ್ರ ಬಿಗಿದುಕೊಳ್ಳಬೇಕು. ಉದ್ದ ಜಡೆಯೊಂದು ದಂಡಕ್ಕೆ ಸುತ್ತಿಕೊಂಡರೆ ನೆತ್ತಿಯ ಚರ್ಮವೇ ಕಿತ್ತು ಬರುತ್ತದೆ. ಗಂಡಸರು ಹೆಗಲ ಮೇಲಿನ ವಲ್ಲಿಯನ್ನು ಗೂಟಕ್ಕೆ ಹಾಕಿ ಕೆಲಸಕ್ಕೆ ನಿಲ್ಲಲಿ. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡಲಿ.

ಕೈಚೀಲ ತೊಟ್ಟರೆ ಕೈ ಉಳಿಯುತ್ತದೆಂಬ ನಂಬಿಕೆ ಹಲವರಲ್ಲಿದೆ. ಬಿಸಿ ಕಬ್ಬಿಣವನ್ನೋ ಅಂಚು ಹರಿತವಾದ ತಗಡನ್ನೋ ಹಿಡಿಯುವಾಗ ಅದು ಸರಿ. ಆದರೆ ತಿರುಗುವ ಬರಮದ ಮುಂದೆ, ಲೇತಿನ ಮುಂದೆ, ಉರುಳೆಗಳ ಮುಂದೆ ಕೈಚೀಲ ತೊಡಲೇಬಾರದು. ಬರಿಯ ಬೆರಳಿಗೆ ಕೇವಲ ಗೀರು ಬೀಳುವ ಕಡೆಯಲ್ಲಿ ಕೈಚೀಲದ ತುದಿ ಸಿಕ್ಕಿಕೊಂಡು ಇಡೀ ಕೈಯನ್ನೇ ಎಳೆದೊಯ್ಯುತ್ತದೆ.

ಇನ್ನು ಮಕ್ಕಳ ವಿಷಯ. ಯಂತ್ರವಿರುವ ಕೋಣೆಗೆ ಬಾಗಿಲಿರಲಿ, ಬಾಗಿಲಿಗೆ ಅಗುಳಿ ಇರಲಿ, ಅಗುಳಿ ಮಗುವಿನ ಕೈಗೆ ಎಟುಕದಿರಲಿ. ಬಿಡುವಿನ ದಿನಗಳಲ್ಲಿ ಮಗನನ್ನು ‘ಸ್ವಲ್ಪ ಹಿಡಿದುಕೋ’ ಎಂದು ಯಂತ್ರದ ಮುಂದೆ ನಿಲ್ಲಿಸುವ ರೂಢಿಯನ್ನು ಬಿಡೋಣ.

ಕಾನೂನು ಎಲ್ಲಿಯ ತನಕ?

ಯಂತ್ರಕ್ಕೆ ಬೇಲಿ ಹಾಕಬೇಕೆಂಬ ಕಾನೂನು ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ನೂಲಿನ ಗಿರಣಿಗಳಲ್ಲಿ ಹೆಣ್ಣುಮಕ್ಕಳೂ ಮಕ್ಕಳೂ ದಂಡಗಳಿಗೆ ಸಿಕ್ಕಿ ನರಳುತ್ತಿದ್ದ ಕಾಲದಲ್ಲಿ, 1844ರಲ್ಲಿ ಅಲ್ಲಿನ ಸಂಸತ್ತು ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಚಲಿಸುವ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕೆಂದು ವಿಧಿಸಿತು. 22ನೆಯ ಕಲಮು, ಓಡುವ ಯಂತ್ರದ ಬಳಿ ಅನಿವಾರ್ಯವಾಗಿ ಕೆಲಸ ಮಾಡಬೇಕಾದಾಗ ಮೈಗೆ ಬಿಗಿಯಾದ ಉಡುಪು ತೊಟ್ಟ, ವಿಶೇಷ ತರಬೇತಿ ಹೊಂದಿದವರೇ ಮಾಡಬೇಕೆಂದು ಹೇಳಿತು. ಈಗ ಆ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ.

ಇಲ್ಲಿ ನಮ್ಮ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಕಾಯಿದೆಯಲ್ಲಿ ವಿದ್ಯುತ್ತನ್ನು ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಈ ಸಂಖ್ಯೆ ಇಪ್ಪತ್ತಕ್ಕೆ ಏರಿದೆ. ಐದಾರು ಜನರ ಗಾಣ, ಮೂರು ಜನರ ಗಿರಣಿ, ಮನೆಯವರೇ ನಡೆಸುವ ಮಗ್ಗ ಇವು ಯಾವುವೂ ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಖಾನೆಯ ತಪಾಸಣೆಗೆಂದು ಅಲ್ಲಿಗೆ ಯಾರೂ ಬರುವುದಿಲ್ಲ. ಇದನ್ನು ಕೇಳಿ ಯಾರಾದರೂ ನೆಮ್ಮದಿಯ ಉಸಿರು ಬಿಟ್ಟರೆ ಅವರು ತಪ್ಪು ತಿಳಿದರು. ಕಾನೂನಿನ ಕಣ್ಣು ತಲುಪದ ಕಡೆಯಲ್ಲಿ ಯಜಮಾನನ ಕಣ್ಣೇ ತಲುಪಬೇಕು.

1923ರ ಕಾರ್ಮಿಕರ ಪರಿಹಾರ ಕಾಯಿದೆಗೆ ಸೇರಿಸಿದ ಪಟ್ಟಿಯಲ್ಲಿ ಬಹುಕಾಲ ಒಂದು ಲೆಕ್ಕವಿತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇಕಡಾ 30 ನಷ್ಟ; ಒಂದು ಕೈಯ ನಾಲ್ಕೂ ಬೆರಳು ಹೋದರೆ ಶೇಕಡಾ 50. ನ್ಯಾಯಾಲಯಕ್ಕೆ ಲೆಕ್ಕ ಬೇಕು, ಸರಿ. ಆದರೆ ಮೊಮ್ಮಗನಿಗೆ ತುತ್ತು ಕಲಸಿ ಉಣಿಸಲಾರದ ಅಜ್ಜನ ನಷ್ಟ ಶೇಕಡಾ ಎಷ್ಟು?

ಕೈಮೀರಿದಾಗ

ಇಷ್ಟೆಲ್ಲ ಮಾಡಿಯೂ ಅಪಘಾತವಾದರೆ ಮನೆಮಂದಿಯೆಲ್ಲ ತಿಳಿದಿರಬೇಕಾದ ಕೆಲವು ಮಾತುಗಳಿವೆ.

ಮೊದಲು ವಿದ್ಯುತ್ತನ್ನು ನಿಲ್ಲಿಸಿರಿ. ಕೈ ಸಿಕ್ಕಿಕೊಂಡಿದ್ದರೆ ಎಳೆಯಬೇಡಿರಿ. ಯಂತ್ರ ಬಲ್ಲವರಿಂದ ಬೋಲ್ಟು ಬಿಚ್ಚಿಸಿ ಉರುಳೆಯನ್ನು ಸಡಿಲಿಸಿರಿ. ಅಷ್ಟರಲ್ಲಿ ಒಬ್ಬರು 108ಕ್ಕೆ ಕರೆ ಮಾಡಲಿ. ಕರ್ನಾಟಕದಲ್ಲಿ 2008ರಿಂದ ಈ ಉಚಿತ ಆಂಬುಲೆನ್ಸ್ ಸೇವೆ ಇದೆ.

ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಗಾಯವಾದ ಕೈಯನ್ನು ಎದೆಗಿಂತ ಎತ್ತರಕ್ಕೆ ಹಿಡಿಯಿರಿ. ಒತ್ತಿದರೂ ನಿಲ್ಲದೆ ರಕ್ತ ಚಿಮ್ಮುತ್ತಿದ್ದರೆ ಮಾತ್ರ, ಗಾಯದ ಮೇಲ್ಭಾಗದಲ್ಲಿ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಹೊತ್ತನ್ನು ಬರೆದಿಡಿರಿ. ಅರಿಸಿನ, ಕಾಫಿ ಪುಡಿ, ಸುಣ್ಣ, ಸಕ್ಕರೆ ಯಾವುದನ್ನೂ ಹಾಕಬೇಡಿರಿ. ಬೆರಳಿನಲ್ಲಿ ಉಂಗುರವಿದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿರಿ.

ತುಂಡಾದ ಬೆರಳನ್ನು ಎಸೆಯಬೇಡಿರಿ. ಅದನ್ನು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿರಿ. ಆ ಚೀಲವನ್ನು ಮಂಜುಗಡ್ಡೆಯೂ ನೀರೂ ಇರುವ ಪಾತ್ರೆಯಲ್ಲಿಟ್ಟು ರೋಗಿಯ ಜೊತೆಗೇ ಕಳುಹಿಸಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಅದನ್ನು ನೀರಿನಲ್ಲಿ ಮುಳುಗಿಸಲೂಬಾರದು. ಬೇಗ ತಲುಪಿದರೆ ಕೆಲವೊಮ್ಮೆ ಅದನ್ನು ಮರಳಿ ಜೋಡಿಸಲು ಸಾಧ್ಯ. ಮುಂಗೈಯೋ ತೋಳೋ ತುಂಡಾಗಿದ್ದರೆ ಮಾಂಸಖಂಡ ಬೇಗ ಕೆಡುವುದರಿಂದ ಇನ್ನೂ ತೀವ್ರವಾಗಿ ಹೊರಡಬೇಕು. ಗಾಯ ಚಿಕ್ಕದಾದರೂ ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬಾರದು.

ಬರುವ ಆಯುಧಪೂಜೆಗೆ

ಮಹಾನವಮಿ ಬಂದರೆ ನಾವೆಲ್ಲ ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಳೆಯ ಕಂದು ಕಟ್ಟಿ ಕೈಮುಗಿಯುತ್ತೇವೆ. ಅಂದು ಯಂತ್ರ ನಿಂತಿರುತ್ತದೆ. ಮನೆಮಂದಿಯೆಲ್ಲ ಅದರ ಸುತ್ತ ಸೇರಿರುತ್ತಾರೆ. ಆ ದಿನವೇ ಅದರ ಪ್ರತಿಯೊಂದು ಬಾಯಿಯನ್ನೂ ನೋಡಿಬಿಡೋಣ. ಎಲ್ಲಿ ಬೆಲ್ಟು ಗಾಲಿಯನ್ನು ಸೇರುತ್ತದೆ, ಎಲ್ಲಿ ಎರಡು ಉರುಳೆ ಕೂಡುತ್ತವೆ, ಎಲ್ಲಿ ದಂಡ ಬರಿದಾಗಿ ತಿರುಗುತ್ತದೆ ಎಂದು ಗುರುತಿಸೋಣ. ಅಲ್ಲಿಗೆ ಮಗುವಿನ ಕೈ ಎಟುಕುತ್ತದೆಯೆ ಎಂದು ಕೇಳಿಕೊಳ್ಳೋಣ. ಎಟುಕುವುದಾದರೆ ಮರುದಿನ ಯಂತ್ರ ಚಾಲೂ ಆಗುವ ಮೊದಲು ಅಲ್ಲೊಂದು ತಡೆ ಬೀಳಲಿ. ಹಾರವನ್ನೂ ದಾರವನ್ನೂ ಬಿಚ್ಚಿದ ಮೇಲೆಯೇ ಗುಂಡಿ ಒತ್ತಬೇಕೆಂಬುದೂ ನೆನಪಿರಲಿ. ತಿರುಗುವ ದಂಡಕ್ಕೆ ಹೂವಿನ ಹಾರವೂ ಒಂದೇ, ಸೆರಗೂ ಒಂದೇ.

ಕೈ ಕೆಸರಾದರೆ ಬಾಯಿ ಮೊಸರೆಂದು ಗಾದೆ. ಕೆಸರಾಗಲಿಕ್ಕಾದರೂ ಕೈ ಇರಬೇಕಷ್ಟೆ. ನಮ್ಮ ಬಳಗದ ಆ ಹಿರಿಯರನ್ನು ಈಚೆಗೆ ಕಂಡಾಗ, ಹಲಗೆಯ ದೋಣಿ ಮಾಡಿಸಲು ಅಂದು ಎಷ್ಟು ಖರ್ಚಾಯಿತೆಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಬೆರಳುಳಿದ ಬಲಗೈಯನ್ನು ಎಡಗೈಯ ಮೇಲಿಟ್ಟುಕೊಂಡು ಹೇಳಿದರು: ‘ಬಡಗಿಗೆ ಒಂದು ದಿನದ ಕೂಲಿ. ಹಲಗೆ ಮನೆಯಲ್ಲೇ ಬಿದ್ದಿತ್ತು. ಅದಕ್ಕೂ ಮೊದಲು ಎಷ್ಟೋ ವರ್ಷದಿಂದ ಬಿದ್ದಿತ್ತು.’